ಗ್ರಹಣಿಯಲ್ಲ, ಅತಿಸಾರ: ಕರುಳು–ಮನಸ್ಸಿನ ನಂಟಿಗೆ ಒಂದು ಅಲಕ್ಷಿತ ಆಧಾರ

ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಕುರಿತ ಕನ್ನಡ ಬರಹಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ನಮ್ಮ ಪೂರ್ವಿಕರು ಇದನ್ನೇ ಗ್ರಹಣಿ ಎಂದು ಕರೆದರು, ಮಜ್ಜಿಗೆ ಕೊಟ್ಟು ವಾಸಿ ಮಾಡಿದರು, ಕರುಳಿಗೂ ಮನಸ್ಸಿಗೂ ಇರುವ ನಂಟು ಅವರಿಗೆ ಆಗಲೇ ಗೊತ್ತಿತ್ತು. ಈ ಮೂರರಲ್ಲಿ ಕೊನೆಯದು ನಿಜ. ಆದರೆ ಅದಕ್ಕೆ ಆಧಾರವಾಗಿ ತೋರಿಸುವ ಜಾಗ ತಪ್ಪು. ಬಹಳ ಹಿಂದೆ ಒಂದು ಉಪನ್ಯಾಸದಲ್ಲಿ ನಾನೂ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಹಾಗಾಗಿ ಮುಂದಿನ ಕಟುಮಾತುಗಳಲ್ಲಿ ಒಂದು ಪಾಲು ನನಗೂ ಸಲ್ಲಬೇಕು.

ಗ್ರಹಣಿಗೆ ಐಬಿಎಸ್ ಎಂಬ ಅರ್ಥ ಬಂದದ್ದು ಇತ್ತೀಚೆಗೆ. ಅದಕ್ಕೆ ಮುಂಚೆ ಅದರ ಇಂಗ್ಲಿಷ್ ಹೆಸರು ಸ್ಪ್ರೂ. 1880ರಲ್ಲಿ ಚೀನಾದ ಅಮೋಯ್‌ನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ವರ್ಣಿಸಿದ, ಜಾವಾದ ಡಚ್ಚರ ಬಾಯಿಂದ ಹೆಸರು ಪಡೆದ ಈ ರೋಗದಲ್ಲಿ ಬಾಯಿ ಹುಣ್ಣಾಗುತ್ತದೆ, ಭೇದಿ ನಿಲ್ಲುವುದಿಲ್ಲ, ದೇಹ ಸೊರಗುತ್ತದೆ. 1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಸುತ್ತಲ ಹಳ್ಳಿಗಳಲ್ಲಿ ಇದರ ಪಿಡುಗನ್ನೇ ಅಧ್ಯಯನ ಮಾಡಿದರು. ‘ಇರಿಟಬಲ್ ಬವೆಲ್ ಸಿಂಡ್ರೋಮ್’ ಎಂಬ ಹೆಸರನ್ನು 1944ರಲ್ಲಿ ಪೀಟರ್ಸ್ ಮತ್ತು ಬಾರ್ಗೆನ್ ತಮ್ಮ ಲೇಖನಕ್ಕೆ ಇಟ್ಟಿದ್ದರು. ಸ್ಪ್ರೂ ಹಿಂದೆ ಸರಿದು ಐಬಿಎಸ್ ಮುಂದೆ ಬಂದಂತೆ ಗ್ರಹಣಿಯ ಅರ್ಥವೂ ಸದ್ದಿಲ್ಲದೆ ಬದಲಾಯಿತು. ಶ್ಲೋಕಗಳು ಇದ್ದಲ್ಲೇ ಇದ್ದವು. ವೈದ್ಯರ ಎದುರು ಕೂತ ರೋಗಿ ಬೇರೆಯಾಗಿದ್ದ.

ಗ್ರಹಣಿಯನ್ನು ಸ್ಪ್ರೂ ಎನ್ನುವವರೂ ಐಬಿಎಸ್ ಎನ್ನುವವರೂ ಕೈಹಾಕುವ ಒಂದು ವರ್ಣನೆ, ರೋಗಗಳನ್ನು ಗುರುತಿಸುವ ಹಳೆಯ ಸಂಸ್ಕೃತ ಗ್ರಂಥವಾದ ಮಾಧವನಿದಾನದಲ್ಲಿದೆ: ಸಂಗ್ರಹಗ್ರಹಣಿ, ನಮ್ಮ ಹಿರಿಯರ ಬಾಯಲ್ಲಿ ಸಂಗ್ರಹಣಿ. (ಚರಕ, ಸುಶ್ರುತರು ಹೇಳುವ ಗ್ರಹಣಿಯ ನಾಲ್ಕು ಬಗೆಗಳಲ್ಲಿ ಇದು ಸೇರಿಲ್ಲ.) ಕರುಳಿನ ಗುಡುಗುಡು, ಸೊಂಟನೋವು, ಜಿಡ್ಡಾದ ಮಲ, ಹತ್ತು ದಿನಕ್ಕೋ ಹದಿನೈದು ದಿನಕ್ಕೋ ತಿಂಗಳಿಗೋ ಮರುಕಳಿಸುವ ಬಾಧೆ, ಹಗಲು ಕೆರಳಿ ರಾತ್ರಿ ಶಾಂತವಾಗುವುದು. ಸ್ಪ್ರೂ ಪಕ್ಷದವರು ‘ಸ್ನಿಗ್ಧ’ ಎಂಬ ಪದವನ್ನು ಹಿಡಿದರು, ಏಕೆಂದರೆ ಆಹಾರದ ಕೊಬ್ಬು ಹೀರಿಕೆಯಾಗದಿದ್ದಾಗ ಮಲ ಜಿಡ್ಡಾಗುತ್ತದೆ. ಐಬಿಎಸ್ ಪಕ್ಷದವರು ರಾತ್ರಿಯ ಶಾಂತಿಯನ್ನು ಹಿಡಿದರು, ಏಕೆಂದರೆ ನಿದ್ದೆಯಿಂದ ಎಬ್ಬಿಸುವ ಭೇದಿ ಕಂಡರೆ ಇಂದಿನ ವೈದ್ಯರು ಬೇರೆ ರೋಗವನ್ನು ಶಂಕಿಸುತ್ತಾರೆ. ಒಂದೇ ವರ್ಣನೆಯನ್ನು ಅಣ್ಣತಮ್ಮಂದಿರ ಹೊಲದಂತೆ ಪಾಲು ಮಾಡಿಕೊಂಡು, ಅವರವರ ಪಾಲೇ ಇಡೀ ಹೊಲ ಎಂದರು. ಮಾಧವನಿದಾನದ ಮೊದಲ ಹತ್ತು ಅಧ್ಯಾಯಗಳನ್ನು ಮಧುಕೋಶ ವ್ಯಾಖ್ಯಾನದ ಸಮೇತ 1974ರಲ್ಲಿ ಇಂಗ್ಲಿಷಿಗೆ ತಂದ ಮ್ಯೂಲೆನ್‌ಬೆಲ್ಡ್ ವೃತ್ತಿಯಿಂದ ಮನೋವೈದ್ಯ. ಆ ಪುಸ್ತಕದ ಹೆಸರು ಹೇಳುವವರೆಲ್ಲ ಅದನ್ನು ತೆರೆದು ನೋಡಿದ್ದಾರೆಂದು ನಂಬಲು ನನಗೆ ಕಷ್ಟ.

ಐಬಿಎಸ್ ಪಕ್ಷದ ಬಲವಾದ ಸಾಕ್ಷಿ ಇರುವುದು ಬೇರೆಡೆ, ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೇ ಅಧ್ಯಾಯದಲ್ಲಿ. ಅಲ್ಲಿ ವಾತಗ್ರಹಣಿಯ ರೋಗಿಗೆ ಮನಸ್ಸು ಕುಸಿದಿರುತ್ತದೆ. ಅದಕ್ಕಿಂತ ಸ್ವಾರಸ್ಯದ ಸಂಗತಿ, ತನಗೆ ವಾತಗುಲ್ಮವೋ ಹೃದ್ರೋಗವೋ ಪ್ಲೀಹರೋಗವೋ ಬಂದಿದೆ ಎಂದು ಅವನು ಶಂಕಿಸುತ್ತಾನೆ. ಈ ‘ಶಂಕೀ’ ಎಂಬ ಒಂದು ಪದದ ಮೇಲೆ ಎಷ್ಟು ಪ್ರಬಂಧಗಳು ನಿಂತಿವೆ! ಎಲ್ಲ ಪರೀಕ್ಷೆಯೂ ಸರಿಯಿದ್ದರೂ ಒಳಗೇನೋ ದೊಡ್ಡದಿದೆ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಇಂದಿನ ರೋಗಿಯ ಚಿತ್ರ ಇದಲ್ಲವೇ ಎಂದು ಕೇಳುತ್ತಾರೆ. ಚಿತ್ರ ಹೋಲುತ್ತದೆ, ಒಪ್ಪಿದೆ. ಆದರೆ ಅದೇ ಶ್ಲೋಕದ ಮೊದಲರ್ಧವನ್ನೂ ಓದಬೇಕು. ಅನ್ನ ಅರಗುವಾಗ, ಅರಗಿದ ಮೇಲೆ ಹೊಟ್ಟೆ ಉಬ್ಬರ, ಉಂಡರೆ ನೆಮ್ಮದಿ. ಐಬಿಎಸ್ ರೋಗಿಗಳಲ್ಲಿ ಬಹಳ ಮಂದಿ ದೂರುವುದು ಉಂಡ ಮೇಲೆಯೇ ಬಾಧೆ ಹೆಚ್ಚುತ್ತದೆಂದು. ಉಂಡರೆ ಶಮನವಾಗುವ ಸಂಕಟ ಸಣ್ಣ ಕರುಳಿನ ಮೇಲ್ಭಾಗದ ಹುಣ್ಣಿನ ಹಳೆಯ ಗುರುತು. ಹಾಗೆಂದು ವಾತಗ್ರಹಣಿ ಎಂದರೆ ಆ ಹುಣ್ಣು ಎಂದು ನಾನು ಹೇಳುತ್ತಿಲ್ಲ. ಅದು ಇದೇ ತಪ್ಪಿನ ಮೂರನೇ ಆವೃತ್ತಿಯಾದೀತು. ಅರ್ಧ ಶ್ಲೋಕದಿಂದ ರೋಗ ಗುರುತಿಸಬಾರದು ಎಂಬಷ್ಟೇ ನನ್ನ ವಾದ.

ಅದಕ್ಕಿಂತ ದೊಡ್ಡ ತೊಡಕು ನಿದಾನದಲ್ಲಿ, ಅಂದರೆ ರೋಗಕಾರಣಗಳಲ್ಲಿ, ಇದೆ. ಅಗ್ನಿ, ಅಂದರೆ ಅರಗಿಸುವ ಶಕ್ತಿ, ಕೆಡುವುದಕ್ಕೆ ಆ ಅಧ್ಯಾಯ ಕೊಡುವ ಕಾರಣಗಳ ಪಟ್ಟಿಯನ್ನು ಬೆರಳು ಮಡಚಿ ಎಣಿಸಬಹುದು: ಉಪವಾಸ, ಅಜೀರ್ಣ, ಅತಿಭೋಜನ, ಹೊತ್ತುಗೊತ್ತಿಲ್ಲದ ಊಟ, ಒಗ್ಗದ, ಜಡವಾದ, ತಣ್ಣನೆಯ, ತೀರಾ ಒಣಗಿದ, ಕೆಟ್ಟ ಆಹಾರ, ವಮನ–ವಿರೇಚನ–ಸ್ನೇಹಗಳಲ್ಲಿ ಆದ ಎಡವಟ್ಟು, ರೋಗದಿಂದ ಸೊರಗುವಿಕೆ, ದೇಶ–ಕಾಲ–ಋತುಗಳ ವೈಷಮ್ಯ, ವೇಗಗಳನ್ನು ತಡೆಹಿಡಿಯುವುದು. ಭಯ, ಶೋಕ, ಚಿಂತೆ ಇಲ್ಲಿಲ್ಲ. ಗ್ರಹಣಿಯಲ್ಲಿ ಮನಸ್ಸು ಬರುವುದು ಲಕ್ಷಣವಾಗಿ, ಕಾರಣವಾಗಿ ಅಲ್ಲ. ಕರುಳು ಕೆಟ್ಟು ಮನಸ್ಸು ಕುಂದುವುದೂ ನಂಟೇ ಎನ್ನಬಹುದು. ಆದರೆ ಮನಸ್ಸು ಕರುಳನ್ನು ಕೆಡಿಸುತ್ತದೆ ಎಂಬುದಕ್ಕೆ ಈ ಅಧ್ಯಾಯವನ್ನು ಸಾಕ್ಷಿ ಕರೆಯುವಂತಿಲ್ಲ.

ಸಾಕ್ಷಿ ಇರುವುದು ನಾಲ್ಕು ಅಧ್ಯಾಯ ಮುಂದೆ. 19ನೇ ಅಧ್ಯಾಯ ಆರು ಬಗೆಯ ಅತಿಸಾರಗಳನ್ನು ಹೇಳುತ್ತದೆ. ಮೂರು ದೋಷಗಳಿಂದ ಮೂರು, ಸನ್ನಿಪಾತದಿಂದ ಒಂದು. ಉಳಿದೆರಡು ಭಯದಿಂದ, ಶೋಕದಿಂದ. ಇವೆರಡನ್ನೂ ಆಗಂತುಕ ಎಂದೂ ಮಾನಸ ಎಂದೂ ಪಠ್ಯ ಸ್ಪಷ್ಟವಾಗಿ ಕರೆಯುತ್ತದೆ. ಭಯಶೋಕಗಳಿಂದ ವಾಯು ಬೇಗ ಕೆರಳುವುದರಿಂದ ಲಕ್ಷಣಗಳು ವಾತಾತಿಸಾರದವೇ. ಚಿಕಿತ್ಸೆ ಎರಡು ತೆರ: ವಾತಹರ ಕ್ರಿಯೆ, ಜೊತೆಗೆ ಹರ್ಷಣ ಮತ್ತು ಆಶ್ವಾಸನ. ಪರೀಕ್ಷೆಯ ದಿನ ಬೆಳಗ್ಗೆ ಮೂರು ಸಲ ಹಿತ್ತಲಿಗೆ ಓಡಿದವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ.

ಇನ್ನೊಂದು ಸಂಗತಿಯಿದೆ. ಚಿಕಿತ್ಸಾಸ್ಥಾನದ ಹದಿನೇಳು ಅಧ್ಯಾಯಗಳನ್ನು ಚರಕನ ನಂತರ ಬಂದ ದೃಢಬಲ ತುಂಬಿಸಿದ. ಚರಕನ ಕೈಯದೆಂದು ಹನ್ನೊಂದನೇ ಶತಮಾನದ ವ್ಯಾಖ್ಯಾನಕಾರ ಚಕ್ರಪಾಣಿ ಎಣಿಸುವ ಹದಿಮೂರರಲ್ಲಿ ಅತಿಸಾರವಿದೆ, ಗ್ರಹಣಿ ಇಲ್ಲ. ಅಧ್ಯಾಯಗಳ ಈ ಹಂಚಿಕೆಯ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ನಾನು ಚಕ್ರಪಾಣಿಯ ಪಕ್ಷ. ಆ ಎಣಿಕೆ ಸರಿಯಾದರೆ, ಎಲ್ಲರೂ ಉದ್ಧರಿಸುವ ಅಧ್ಯಾಯ ಕಿರಿಯದು, ಯಾರೂ ಉದ್ಧರಿಸದ ಅಧ್ಯಾಯ ಹಿರಿಯದು.

‘ಆಶ್ವಾಸನ’ ಎಂಬ ಪದದಲ್ಲಿ ಕನ್ನಡಿಗರಿಗೊಂದು ಬಲೆಯಿದೆ. ನಮ್ಮ ಆಶ್ವಾಸನೆ ಚುನಾವಣೆಯ ಸರಕಾಗಿ ಹೋಗಿದೆ. ಹಾಗಾಗಿ ಆ ಸಾಲನ್ನು ‘ರೋಗಿಗೆ ಭರವಸೆ ಕೊಡಬೇಕು’ ಎಂದು ಕನ್ನಡಿಸಿ ಮುಂದೆ ಹೋಗುವುದು ಸುಲಭ. ಪದದೊಳಗಿರುವುದು ಶ್ವಾಸ: ಬಿಗಿಹಿಡಿದ ಉಸಿರು ಸಡಿಲವಾಗುವಂತೆ ಮಾಡುವುದು. ಇದು ವೈದ್ಯನ ಸೌಜನ್ಯದ ಮಾತಷ್ಟೇ, ಚಿಕಿತ್ಸೆಯಲ್ಲ ಎಂದು ವಾದಿಸುವವರುಂಟು. ಅವರು ಸಾಲಿನ ಕೊನೆಯ ‘ಚ’ಕಾರವನ್ನು ನೋಡಲಿ. ಅದು ಹರ್ಷಣ–ಆಶ್ವಾಸನಗಳನ್ನು ವಾತಹರ ಕ್ರಿಯೆಯ ಪಕ್ಕದಲ್ಲಿ, ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ.

ನನ್ನ ವಾದಕ್ಕೆ ಎದುರಾಗುವ ಸಾಕ್ಷಿಯನ್ನು ಮುಚ್ಚಿಡಲಾರೆ. ಸುಶ್ರುತನೂ ಉತ್ತರತಂತ್ರದ 40ನೇ ಅಧ್ಯಾಯದಲ್ಲಿ ಶೋಕಜ ಅತಿಸಾರವನ್ನು ಹೇಳುತ್ತಾನೆ: ಅಳುತ್ತ, ಅರೆಹೊಟ್ಟೆ ಉಣ್ಣುವವನ ಕಣ್ಣೀರ ಆವೇಗ ಕೋಷ್ಠಕ್ಕಿಳಿದು ರಕ್ತವನ್ನು ಕದಡುತ್ತದೆ; ಹೊರಬರುವುದು ಗುಲಗಂಜಿಯ ಬಣ್ಣ. ಐಬಿಎಸ್‌ನಲ್ಲಿ ರಕ್ತ ಹೋಗುವುದಿಲ್ಲ. ಹೋದರೆ ಬೇರೆ ರೋಗವನ್ನು ಹುಡುಕಲೇಬೇಕು. ‘ಶೋಕಜವೇ ಐಬಿಎಸ್’ ಎಂದು ಹೊಸ ಸಮೀಕರಣ ಹೂಡಲು ಹೊರಟವರನ್ನು ಈ ಗುಲಗಂಜಿ ತಡೆಯುತ್ತದೆ, ತಡೆಯಲಿ. ನಾನು ಹೇಳುವುದು ರೋಗದ ವಂಶಾವಳಿಯನ್ನಲ್ಲ, ಒಂದು ವಿಚಾರದ ವಂಶಾವಳಿಯನ್ನು. ಆ ವಿಚಾರದಲ್ಲೂ ಮೆದುಳಿಲ್ಲ. ನಡುವೆ ಓಡಾಡುವುದು ವಾಯು. (‘ಹೊಟ್ಟೆಕಿಚ್ಚು’, ‘ಕರುಳು ಚುರ್ ಎಂದಿತು’ ಎಂಬ ನುಡಿಗಟ್ಟುಗಳನ್ನು ಮುಂದಿಟ್ಟು ಕನ್ನಡಿಗರೆಲ್ಲ ಹುಟ್ಟು ನರವಿಜ್ಞಾನಿಗಳು ಎನ್ನುವವರ ಜೊತೆ ನನಗೆ ವಾದವಿಲ್ಲ, ತಾಳ್ಮೆಯೂ ಇಲ್ಲ.)

ಈಗ ಆಹಾರದ ಮಾತು. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ತಂಡ ರೂಪಿಸಿದ ಫಾಡ್‌ಮ್ಯಾಪ್ ಪಥ್ಯದ ಸೂತ್ರ ಕಳೆಯುವುದು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ನೀರೆಳೆದುಕೊಳ್ಳುವ, ದೊಡ್ಡ ಕರುಳಿನಲ್ಲಿ ಹುಳಿತು ಗಾಳಿ ತುಂಬಿಸುವ ಸಕ್ಕರೆಗಳನ್ನು ಕೆಲವು ವಾರ ಬಿಡಬೇಕು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ಆ ಪಟ್ಟಿಯಲ್ಲಿವೆ. ಆಮೇಲೆ ಒಂದೊಂದಾಗಿ ಮರಳಿ ಸೇರಿಸಿ ಯಾವುದು ತನಗೆ ಒಗ್ಗದೆಂದು ಕಂಡುಕೊಳ್ಳಬೇಕು. 2014ರಲ್ಲಿ 30 ರೋಗಿಗಳಿಗೆ ಊಟವನ್ನೇ ತಯಾರಿಸಿಕೊಟ್ಟು ಆ ತಂಡ ನಡೆಸಿದ ಪ್ರಯೋಗದಲ್ಲಿ ಬಾಧೆ ಇಳಿಯಿತು. ಗ್ರಹಣಿಗೆ ಹೇಳಿದ ತಕ್ರದ, ಅಂದರೆ ಮಜ್ಜಿಗೆಯ, ತರ್ಕ ಬೇರೆ: ಹಗುರ, ಗ್ರಾಹಿ, ಅಗ್ನಿಯನ್ನು ಹೊತ್ತಿಸುವಂಥದ್ದು. ಒಂದು ಕಳೆಯುವ ಲೆಕ್ಕ, ಇನ್ನೊಂದು ಒಲೆ ಹೊತ್ತಿಸುವ ಕೆಲಸ. ಮಜ್ಜಿಗೆಯನ್ನು ‘ನಮ್ಮ ಫಾಡ್‌ಮ್ಯಾಪ್’ ಎಂದರೆ ಎರಡಕ್ಕೂ ಅನ್ಯಾಯ.

ಹೋಲಿಸಲೇಬೇಕೆಂದಿದ್ದರೆ ಚರಕಸಂಹಿತೆಯ ವಿಮಾನಸ್ಥಾನದ 2ನೇ ಅಧ್ಯಾಯದ ಮಾತನ್ನು ಹೋಲಿಸಬೇಕು: ಹಿತವಾದ ಅನ್ನವನ್ನೇ, ಅಳತೆಯಲ್ಲೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ಹಾಸಿಗೆಯ ಅಸುಖ, ಜಾಗರಣೆಗಳಿದ್ದರೆ ಅದು ಅರಗದು. ಪಥ್ಯಕ್ಕೆ ಇಷ್ಟೊಂದು ಬೆಲೆ ಕೊಡುವ ಗ್ರಂಥವೇ ಪಥ್ಯದ ಗಡಿಯನ್ನು ಗೆರೆಯೆಳೆದು ತೋರಿಸುವ ಜಾಗ ಇದು. ಆ ಗಡಿಯಾಚೆಯ ದಾರಿಯನ್ನು ಆಧುನಿಕ ವೈದ್ಯರೂ ಹುಡುಕಿದ್ದಾರೆ: 1984ರಲ್ಲಿ ಮ್ಯಾಂಚೆಸ್ಟರ್‌ನ ವೊರ್ವೆಲ್ ತಂಡ ಹಟಮಾರಿ ಐಬಿಎಸ್‌ನ 30 ರೋಗಿಗಳಲ್ಲಿ ಸಂಮೋಹನ ಚಿಕಿತ್ಸೆಯನ್ನು ಪರೀಕ್ಷಿಸಿತು. 2016ರಲ್ಲಿ ಪಥ್ಯದ ತವರಾದ ಮೊನಾಶ್‌ನವರೇ 74 ಮಂದಿಯನ್ನು ಮೂರು ಗುಂಪು ಮಾಡಿ ಒಂದಕ್ಕೆ ಪಥ್ಯ, ಒಂದಕ್ಕೆ ಸಂಮೋಹನ, ಒಂದಕ್ಕೆ ಎರಡನ್ನೂ ಕೊಟ್ಟರು. ಮೂರರಲ್ಲೂ ಸುಧಾರಣೆ ಹೆಚ್ಚುಕಡಿಮೆ ಒಂದೇ. ಆಶ್ವಾಸನವೆಂದರೆ ಸಂಮೋಹನ ಎಂದು ನಾಳೆ ಯಾರಾದರೂ ಬರೆದಾರು. ಅದಕ್ಕೆ ನನ್ನ ಹೆಸರನ್ನು ಎಳೆಯಬಾರದೆಂದು ಈಗಲೇ ಕೇಳಿಕೊಳ್ಳುತ್ತೇನೆ. ಹೋಲಿಕೆ ಇರುವುದು ಪ್ರಶ್ನೆಯಲ್ಲಿ ಮಾತ್ರ: ತಟ್ಟೆ ಸರಿಯಿದ್ದೂ ಹೊಟ್ಟೆ ಕೆಟ್ಟರೆ ವೈದ್ಯ ಮುಂದೇನು ಮಾಡಬೇಕು? ಹದಿನೈದನೇ ಅಧ್ಯಾಯದಲ್ಲೇ ಪುಸ್ತಕ ಮಡಚಿಟ್ಟವರಿಗೆ ಆ ಪ್ರಶ್ನೆ ಎದುರಾಗುವುದೇ ಇಲ್ಲ.