ಮಗ್ ಪ್ರೆಸ್
ಪಿಂಗಾಣಿ ಮಗ್‌ಗಳ ಮೇಲೆ ಫೋಟೊ, ಹೆಸರು ಅಚ್ಚು ಹಾಕುವ ವಿದ್ಯುತ್ ಯಂತ್ರ. ಸಬ್ಲಿಮೇಶನ್ ಶಾಯಿಯಲ್ಲಿ ಎಡಬಲ ತಿರುಗಿಸಿ ಮುದ್ರಿಸಿದ ಕಾಗದವನ್ನು ಮಗ್‌ಗೆ ಸುತ್ತಿ, ಶಾಖ ತಡೆಯುವ ಟೇಪಿನಿಂದ ಬಿಗಿದು, ಬಾಗಿದ ಹೀಟರ್ ಪಟ್ಟಿಯೊಳಗಿಟ್ಟು ಒತ್ತುತ್ತಾರೆ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಣ್ಣ ಕರಗದೆ ನೇರವಾಗಿ ಆವಿಯಾಗಿ, ಮಗ್‌ನ ಪಾಲಿಮರ್ ಲೇಪದೊಳಗೆ ಇಳಿಯುತ್ತದೆ. ಇದಕ್ಕೆ ಕೆಲವೇ ನಿಮಿಷ ಸಾಕು. ಲೇಪವಿಲ್ಲದ ಮಾಮೂಲಿ ಮಗ್ ಮೇಲೆ ಈ ಬಣ್ಣ ನಿಲ್ಲದು. ಶಾಯಿಯಲ್ಲಿ ಬಿಳಿ ಬಣ್ಣವೇ ಇಲ್ಲದ್ದರಿಂದ ಬಿಳಿ ಮಗ್‌ಗೇ ಬೇಡಿಕೆ ಹೆಚ್ಚು. ರೂಢಿಯ ಅಳತೆ 11 ಔನ್ಸ್, ಅಂದರೆ ಸುಮಾರು 325 ಮಿಲಿಲೀಟರ್.

ಒತ್ತಡ ಕಡಿಮೆಯಾದರೆ ಮೇಲಿನ, ಕೆಳಗಿನ ಅಂಚು ಮಸುಕಾಗುತ್ತದೆ. ಶಾಖ ಹೆಚ್ಚಾದರೆ ಕಪ್ಪು ಬಣ್ಣ ಕಂದುಗಟ್ಟುತ್ತದೆ. ಹಿಡಿಯ ಪಕ್ಕಕ್ಕೆ ಪಟ್ಟಿ ತಲುಪದೆ ಅಷ್ಟು ಜಾಗ ಖಾಲಿ ಉಳಿಯುವುದು ಸಹಜ. ಕೊಳ್ಳುವವರು ಹೊಳೆಯುವ ಡಿಜಿಟಲ್ ಪರದೆಗಿಂತ, ಒತ್ತಡ ಹೊಂದಿಸುವ ತಿರುಪು ಮತ್ತು ಬದಲಿಸಬಹುದಾದ ಹೀಟರ್ ಪಟ್ಟಿ ಇದೆಯೇ ಎಂದು ಮೊದಲು ನೋಡಬೇಕು.