ಸಂಚಕಾರದ ಲೆಕ್ಕ: ಬಳ್ಳಾರಿ ಸೀಮೆಯಲ್ಲಿ ಕಲಾವಿದರನ್ನು ಗೊತ್ತುಮಾಡಿದ ಬಗೆ

ಮದುವೆಗೋ ಗೃಹಪ್ರವೇಶಕ್ಕೋ ಶಾಲೆಯ ವಾರ್ಷಿಕೋತ್ಸವಕ್ಕೋ ಹಾಡುವವರನ್ನು, ಡೊಳ್ಳಿನವರನ್ನು, ನಿರೂಪಕರನ್ನು ಗೊತ್ತುಮಾಡಬೇಕೆಂದರೆ ಈಗ ಮೊಬೈಲಿನಲ್ಲಿ ಒಂದು ಫಾರಂ ತೆರೆದುಕೊಳ್ಳುತ್ತದೆ. ದಿನಾಂಕ, ಸ್ಥಳ, ಎಷ್ಟು ಗಂಟೆ. ಅದರ ಕೆಳಗೆ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಮೂರು ಪ್ಯಾಕೇಜುಗಳ ಚೌಕಗಳು. ಒಂದೊಂದಕ್ಕೂ ಒಂದೊಂದು ಮೊತ್ತ. ಇದನ್ನು ನೋಡಿದವರು ಶಿಸ್ತು ಎಂಬುದು ಈ ದಂಧೆಗೆ ಈಗಷ್ಟೇ ಬಂತು, ಹಿಂದಿನದೆಲ್ಲ ಬಾಯಿಮಾತಿನ ಅಂದಾದುಂದಿ ಎಂದುಕೊಳ್ಳುವುದು ಸಹಜ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಚರಿತ್ರೆ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಇಲ್ಲಿನ ಹಳೆಯ ಕರಾರು ಬಾಯಿಮಾತಿನದೇ ಆದರೂ ಬಾಬುವಾರು ಲೆಕ್ಕದ್ದು. ದಿನ ಹಿಡಿದಿಡುವುದಕ್ಕೆ ಒಂದು ಬಾಬು, ದುಡಿಮೆಗೆ ಒಂದು, ಊಟ ವಸತಿ ದಾರಿಖರ್ಚಿಗೆ ಒಂದು, ಮೆಚ್ಚುಗೆಗೆ ಮತ್ತೊಂದು. ಪ್ಯಾಕೇಜು ಈ ನಾಲ್ಕನ್ನೂ ಒಂದೇ ಗಂಟಿಗೆ ಸೇರಿಸಿ ಕಟ್ಟಿತು. ಗಂಟಿನಿಂದ ಹೊರಗುಳಿದದ್ದೆಲ್ಲ ಕಲಾವಿದರ ಹೆಗಲಿಗೆ ಬಿತ್ತು ಎಂಬುದು ನನ್ನ ವಾದ.

ಮೊದಲ ಬಾಬು ವೀಳ್ಯ. ಬಯಲಾಟದ ಮೇಳವನ್ನು ಕರೆಸಬೇಕಾದ ಊರಿನ ಹಿರಿಯರು ತಟ್ಟೆಯಲ್ಲಿ ಎಲೆಅಡಿಕೆ, ಮೇಲೊಂದಿಷ್ಟು ದುಡ್ಡು ಇಟ್ಟು ಮೇಳದ ಮುಖ್ಯಸ್ಥನ ಮುಂದೆ ಚಾಚುತ್ತಿದ್ದರು. ಆತ ಅದನ್ನು ಎತ್ತಿಕೊಂಡರೆ ಆ ರಾತ್ರಿ ಆ ಊರಿನದು. ಬೇರೆ ಊರಿನವರು ಎಷ್ಟೇ ಹೆಚ್ಚು ಕೊಡುತ್ತೇವೆಂದರೂ ಹೋಗುವಂತಿಲ್ಲ. ವೀಳ್ಯದ ಮೇಲಿನ ದುಡ್ಡು ಆಟದ ಬೆಲೆಯ ಮೊದಲ ಕಂತಾಗಿರಲಿಲ್ಲ, ದಿನದ ಬೆಲೆಯಾಗಿತ್ತು. ಇಂಥ ಮುಂಗಡಕ್ಕೆ ಕನ್ನಡದಲ್ಲಿ ಸಂಚಕಾರ ಎಂಬ ಮಾತಿದೆ. ಅದರ ಮೂಲ ಸಂಸ್ಕೃತದ ಸತ್ಯಂಕಾರ, ಅಂದರೆ ಮಾತನ್ನು ದಿಟ ಮಾಡುವುದು. ಸತ್ಯಂಕಾರ ಪಡೆದು ಮಾತು ತಪ್ಪಿದವನು ಅದರ ಇಮ್ಮಡಿ ಹಿಂದಿರುಗಿಸಬೇಕು ಎಂಬ ವಿಧಿ ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯರ ರಾಜಧಾನಿಯಲ್ಲಿದ್ದವನು. ಹಳ್ಳಿಯ ಹಿರಿಯರು ಸ್ಮೃತಿ ಓದಿ ವೀಳ್ಯ ಕೊಟ್ಟರೆಂದು ಯಾರೂ ಹೇಳಲಾರರು. ಆದರೆ ಮಾತು ತಪ್ಪಿದರೆ ಎರಡೂ ಕಡೆಯವರಿಗೆ ಪೆಟ್ಟು ಬೀಳಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ ಎಂಬಷ್ಟನ್ನು ಧಾರಾಳವಾಗಿ ಹೇಳಬಹುದು. ಅದೇ ಸಂಚಕಾರ ಇಂದು ಆಡುಮಾತಿನಲ್ಲಿ ಕೇಡು, ಅಪಾಯ ಎಂಬ ಅರ್ಥಕ್ಕೆ ಬಂದು ನಿಂತಿದೆ.

ಖರ್ಚನ್ನು ಬಾಬುಗಳಾಗಿ ಒಡೆಯುವ ರೂಢಿಗೆ ಇನ್ನೂ ಗಟ್ಟಿಯಾದ ಸಾಕ್ಷಿ ಕಲ್ಲಿನಲ್ಲಿದೆ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಸಿಂದರು ಕುರುಗೋಡಿನಿಂದ ಬಳ್ಳಕುಂದೆ ನಾಡನ್ನು ಆಳಿದರು. ಆ ಕಾಲದ ಕನ್ನಡ ದಾನಶಾಸನಗಳಲ್ಲಿ ದೇವಾಲಯಕ್ಕೆ ಭೂಮಿ ಬಿಡುವಾಗ ಅಂಗಭೋಗ, ರಂಗಭೋಗ, ಜೀರ್ಣೋದ್ಧಾರ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ದೇವರ ಅಲಂಕಾರ, ಅಭಿಷೇಕಗಳು ಅಂಗಭೋಗ. ಹಾಡು, ಕುಣಿತ, ವಾದ್ಯಗಳು ರಂಗಭೋಗ. ಒಡೆದ ಗೋಡೆಯ ದುರಸ್ತಿ ಜೀರ್ಣೋದ್ಧಾರ. ರಂಜನೆಗೆ ಮೀಸಲಾದದ್ದು ಹೆಸರಿಟ್ಟು ಬೇರೆ ನಿಂತಿತ್ತು. ಹಾಗೆ ಹೆಸರು ಬೇರೆಯಿದ್ದರೆ ಮಾತ್ರ ಗೋಡೆ ಬಿದ್ದ ವರ್ಷ ಕುಣಿಯುವವರ ಪಾಲಿಗೆ ಕತ್ತರಿ ಹಾಕುವುದನ್ನು ಪ್ರಶ್ನಿಸಲು ಬರುತ್ತದೆ.

ಇನ್ನು ದುಡಿಮೆಯ ಬಾಬು. ಫಾರಂ ಅದನ್ನು ಗಂಟೆಯಲ್ಲಿ ಅಳೆಯುತ್ತದೆ. ಈ ಸೀಮೆಯ ಕಲೆಗಳು ಒಂದೊಂದೂ ತನ್ನದೇ ಅಳತೆ ಇಟ್ಟುಕೊಂಡಿದ್ದವು. ಬಯಲಾಟಕ್ಕೆ ರಾತ್ರಿಯೇ ಮಾನ, ಬೆಳಗಿನ ಮಂಗಳಕ್ಕೆ ಆಟ ಮುಗಿಯಬೇಕು. ಬುರ್ರಕಥೆಗೆ ಕಥೆಯೇ ಮಾನ. ಸಂಡೂರು ತಾಲೂಕಿನ ದರೋಜಿಯ ಈರಮ್ಮ (1930-2014) ಹನ್ನೆರಡು ಮಹಾಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದವರು. ಅಂಥ ಒಂದು ಕಥೆ ಕೇಳುವವರ ಆಸೆಗೆ ತಕ್ಕಂತೆ ರಾತ್ರಿಗಳ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಗಲುವೇಷದವರ ಲೆಕ್ಕವೇ ತಿರುಗುಮುರುಗು. ಊರ ಹೊರಗೆ ಬಿಡಾರ ಹೂಡಿ, ದಿನಕ್ಕೊಂದು ವೇಷ ಕಟ್ಟಿ ಬೀದಿಯಲ್ಲಿ ಆಡಿ, ಕೊನೆಯ ದಿನ ಮನೆಮನೆಗೆ ಹೋಗಿ ಕಾಳು, ಬಟ್ಟೆ, ದುಡ್ಡು ಎತ್ತುತ್ತಿದ್ದರು. ಅಲ್ಲಿ ಮುಂಗಡವಿಲ್ಲ, ನಂಬಿಕೆಯ ಭಾರವೆಲ್ಲ ಆಡುವವನ ಮೇಲೆ. ಈ ಎಲ್ಲ ಅಳತೆಗಳ ಹಿಂದೆ ಹೊಲದ ಪಂಚಾಂಗವಿತ್ತು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಜಾತ್ರೆ, ಜಾತ್ರೆಯ ಜೊತೆಗೆ ಆಟ. ಸಿರುಗುಪ್ಪದ ಕಡೆ ವಿಜಯನಗರ ಕಾಲದ ಕಾಲುವೆಗಳಿಂದಲೇ ನೀರಾವರಿ ಇತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ನೀರು ನಿಂತ ಮೇಲೆ ಭತ್ತದ ಬಯಲು ಇನ್ನಷ್ಟು ಹಬ್ಬಿತು. ಎರಡು ಬೆಳೆಯ ಊರಿನಲ್ಲಿ ಕೈಯಲ್ಲಿ ಕಾಸು ಹೆಚ್ಚು, ಬಿಡುವಿನ ರಾತ್ರಿ ಕಡಿಮೆ. ಗಂಟೆಯ ಲೆಕ್ಕಕ್ಕೆ ದಾರಿ ಮಾಡಿಕೊಟ್ಟದ್ದು ಮೊಬೈಲ್ ಒಂದೇ ಅಲ್ಲ, ಕಾಲುವೆಯ ನೀರೂ ಹೌದು.

ಹಾಗಾದರೆ ಮೂರು ದರ್ಜೆಗಳ ಚೌಕ ಎಲ್ಲಿಂದ ಬಂತು? ನನ್ನ ಊಹೆಯಲ್ಲಿ ಅದರ ಹಿರಿಯಣ್ಣ ಟಿಕೆಟ್ ಕಿಟಕಿ. 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದಾಗ, ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ ಮತ್ತು ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ನಾಟಕವನ್ನು ನಗರದ ಕಲೆಯಾಗಿ ಬೆಳೆಸಿದವು. ರಾಘವ ಕಲಾಮಂದಿರಕ್ಕೆ ಹೆಸರು ಕೊಟ್ಟ ಬಳ್ಳಾರಿ ರಾಘವರು (1880-1946) ವೃತ್ತಿಯಿಂದ ವಕೀಲರು, ಹವ್ಯಾಸದಿಂದ ನಟರು. ಮುಂದೆ ಊರೂರಿಗೆ ಟೆಂಟು ಹಾಕಿದ ವೃತ್ತಿ ಕಂಪನಿಗಳು ನೆಲ, ಬೆಂಚು, ಕುರ್ಚಿ ಎಂಬ ದರ್ಜೆಗಳನ್ನು ಎಲ್ಲರಿಗೂ ಪರಿಚಯ ಮಾಡಿಸಿದವು. ಆದರೆ ಆ ದರ್ಜೆ ಕೂರುವ ಜಾಗದ್ದು. ನೆಲದವನಿಗೂ ಕುರ್ಚಿಯವನಿಗೂ ಕಾಣುತ್ತಿದ್ದದ್ದು ಅದೇ ನಾಟಕ, ಅದೇ ದ್ರೌಪದಿ. ಪ್ಯಾಕೇಜು ಆ ದರ್ಜೆಯನ್ನು ಪ್ರೇಕ್ಷಕನ ಕೆಳಗಿನಿಂದ ತೆಗೆದು ಕಲಾವಿದನ ತಲೆಯ ಮೇಲೆ ಇಟ್ಟಿತು. ಸಿಲ್ವರ್ ಕೊಂಡವನಿಗೆ ಅದೇ ಗಾಯಕ ಸಿಲ್ವರ್ ಹಾಡು ಹಾಡಬೇಕೇ? ಹಾಡುವವರು ಹಾಗೆ ಹಾಡಲಾರರು. ಆದ್ದರಿಂದ ಕಡಿತವಾಗುವುದು ತಬಲಾದವನು, ಇನ್ನೊಂದು ಮೈಕು, ಇಲ್ಲವೇ ಜೀಪಿನ ಬಾಡಿಗೆ.

ಟಿಕೆಟ್ಟಿಗೂ ಪ್ಯಾಕೇಜಿಗೂ ನಡುವೆ ಈ ಸೀಮೆ ಇನ್ನೊಂದು ಮಾದರಿಯನ್ನು ಕಂಡುಕೊಂಡಿತು: ಹಳ್ಳಿಯ ನಾಟಕದ ಕರಪತ್ರ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನೋ ಒಂದು ಸಾಮಾಜಿಕ ನಾಟಕವನ್ನೋ ಊರಿನ ಹುಡುಗರು ಆಡುವಾಗ ಹಂಚುವ ಆ ತೆಳು ಬಣ್ಣದ ಹಾಳೆಯನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಬೇಕು. ದೇವರ ಹೆಸರು, ನಾಟಕದ ಹೆಸರು, ಪಾತ್ರವರ್ಗ. ಅದರ ಕೆಳಗೆ ಹಾರ್ಮೋನಿಯಂ ಮಾಸ್ತರು ಇಂಥವರು, ತಬಲಾ ಇಂಥವರು, ಕ್ಯಾಸಿಯೋ ಇಂಥವರು, ರಂಗಸಜ್ಜಿಕೆ ಇಂಥ ಡ್ರಾಮಾ ಸೀನ್ಸ್, ಸ್ತ್ರೀ ಪಾತ್ರಕ್ಕೆ ಬಳ್ಳಾರಿಯಿಂದಲೋ ಮರಿಯಮ್ಮನಹಳ್ಳಿಯಿಂದಲೋ ಬರುವ ಕಲಾವಿದೆಯರು. ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಗೊತ್ತಾದವರು, ಬೇರೆ ಬೇರೆ ಸಂಭಾವನೆಯವರು. ಊರಲ್ಲಿ ಪಟ್ಟಿ ಎತ್ತಿ ಆ ದುಡ್ಡು ಕೂಡಿಸುತ್ತಿದ್ದರು. ಊಟ ಇಂಥವರ ಮನೆಯಲ್ಲಿ ಎಂದು ಮೊದಲೇ ತೀರ್ಮಾನ. ದ್ರೌಪದಿಯ ಪಾತ್ರದಿಂದ ಹೆಸರಾದ ಸುಭದ್ರಮ್ಮ ಮನ್ಸೂರರಂಥ ಕಲಾವಿದೆಯ ರಂಗಗೀತೆಗೆ ಮನಸೋತವರು ನಡುವೆ ವೇದಿಕೆ ಹತ್ತಿ ಕೊಟ್ಟರೆ ಅದು ಮುಯ್ಯಿ, ಸಂಭಾವನೆಗೆ ಸೇರದ ಬಾಬು. ನಗರದ ಮದುವೆಮನೆಯಲ್ಲಿ ಪಟ್ಟಿ ಎತ್ತುವ ಊರಿಲ್ಲ, ಊಟಕ್ಕೆ ಕರೆಯುವ ಮನೆಯಿಲ್ಲ. ಆ ಕೆಲಸವನ್ನೆಲ್ಲ ಈವೆಂಟ್ ಮ್ಯಾನೇಜರು ಒಬ್ಬನೇ ಮಾಡಬೇಕು. ಅವನು ಎಲ್ಲವನ್ನೂ ಒಂದು ಮೊತ್ತ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ತೊಂದರೆ ಏನೆಂದರೆ, ಮುಹೂರ್ತ ಎರಡು ಗಂಟೆ ತಡವಾದರೆ ಕಾಯುವುದು ಯಾರ ಬಾಬು ಎಂದು ಆ ಮೊತ್ತ ಹೇಳುವುದಿಲ್ಲ.

ನನ್ನ ಈ ವಾದಕ್ಕೆ ಬಲವಾದ ಆಕ್ಷೇಪಣೆಯೊಂದಿದೆ. ಹಳೆಯ ಪದ್ಧತಿಯಲ್ಲಿ ಬಾಬುಗಳ ಜೊತೆಗೆ ಜಾತಿಯೂ ಇತ್ತು. ಹಲಗೆ ಬಡಿಯುವವನಿಗೆ ಅದು ಹಕ್ಕು ಎನ್ನುತ್ತಲೇ ಬಿಟ್ಟಿಯಾಗಿ ದುಡಿಸಿಕೊಂಡರು. ವೇದಿಕೆಯ ಮುಯ್ಯಿಯ ನೆಪದಲ್ಲಿ ಕಲಾವಿದೆಯರು ಸಹಿಸಿದ್ದು ಕಡಿಮೆಯೇನಲ್ಲ. ಕುರುಗೋಡು ಹತ್ತಿರದ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗತಿ ಕಲೆ ಪಡ್ಲಿಗೆ ಎಂಬ ಭಿಕ್ಷೆಯ ಬುಟ್ಟಿಗೆ ಬೀಳುವ ಜೋಳದಿಂದ ರಂಗದ ಸಂಭಾವನೆಗೆ ಬಂದದ್ದು ಬರೀ ದುಡ್ಡಿನ ಬದಲಾವಣೆಯಲ್ಲ, ಘನತೆಯದು. ತನ್ನ ದರವನ್ನು ತಾನೇ ಬರೆದು ಎಲ್ಲರಿಗೂ ಕಾಣುವಂತೆ ಇಡುವ ಅವಕಾಶ ಅದೇ ದಾರಿಯ ಮುಂದಿನ ಹೆಜ್ಜೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಘನತೆ ಬಂದದ್ದು ದರ ಬಹಿರಂಗವಾದದ್ದರಿಂದ. ಬಾಬುಗಳು ಒಂದರಲ್ಲೊಂದು ಕರಗಿದ್ದರಿಂದ ಬಂದದ್ದಲ್ಲ. ಬಿಟ್ಟಿ ಎಂದರೂ ಲೆಕ್ಕ ತೋರಿಸದೆ ದುಡಿಸಿಕೊಳ್ಳುವುದೇ ತಾನೆ? ಊಟ ಎಲ್ಲಿ, ಬಟ್ಟೆ ಬದಲಿಸಲು ಕೋಣೆ ಇದೆಯೇ, ರಾತ್ರಿ ಹನ್ನೆರಡರ ಮೇಲೆ ಸಿರುಗುಪ್ಪಕ್ಕೆ ವಾಪಸು ಹೋಗುವ ಗಾಡಿ ಯಾರದು ಎಂದು ಬರೆಯದ ಗೋಲ್ಡ್ ಪ್ಯಾಕೇಜಿನಲ್ಲೂ ಆ ಹಳೆಯ ಬಿಟ್ಟಿಯ ತುಣುಕು ಉಳಿದುಕೊಂಡಿರುತ್ತದೆ.

ಇಷ್ಟೊಂದು ಕಾಲಂ ಇಟ್ಟರೆ ಗಿರಾಕಿ ಫಾರಂ ಮುಚ್ಚಿ ಹೋಗುತ್ತಾನೆ ಎಂಬುದು ಎರಡನೆಯ ಆಕ್ಷೇಪಣೆ. ಮದುವೆಯ ಗಡಿಬಿಡಿಯಲ್ಲಿರುವ ಮನೆಯವರಿಗೆ ಮೂರು ಚೌಕ ಸುಲಭವೇ ಸರಿ. ಹಾಗೆಂದು ಇಪ್ಪತ್ತು ಪ್ರಶ್ನೆ ಬೇಕಾಗಿಲ್ಲ, ನಾಲ್ಕು ಸಾಲು ಸಾಕು. ಆಟ ಯಾವುದು, ಎಷ್ಟು ಜನರದು ಎಂದು ಹೇಳುವ ಪ್ಯಾಕೇಜು ಮೇಲೆ ಇರಲಿ. ಅದರ ದರ್ಜೆಗೆ ಬಂಗಾರ ಬೆಳ್ಳಿಯ ಬದಲು ಹಾಡುಗಾರ್ತಿ ಒಬ್ಬರೇ, ಹಾಡುಗಾರ್ತಿ ಮತ್ತು ತಬಲಾ, ಪೂರಾ ಮೇಳ ಎಂದು ಹೆಸರಿದ್ದರೆ ಕಡಿತ ಎಲ್ಲಿ ಎಂಬುದು ಕಣ್ಣಿಗೆ ಕಾಣುತ್ತದೆ. ಕೆಳಗೆ ದಾರಿಖರ್ಚು ಮತ್ತು ಊಟ, ಹೆಚ್ಚು ಹೊತ್ತು ಕಾದರೆ ಇಷ್ಟು, ಮುಯ್ಯಿ ಬಂದರೆ ಅದು ಕಲಾವಿದರದೇ, ಕೊನೆಗೆ ಕಾರ್ಯಕ್ರಮ ರದ್ದಾದರೆ ಯಾರಿಗೆ ಎಷ್ಟು. ಈ ಕೊನೆಯ ಸಾಲನ್ನು ಇಂದಿನ ಫಾರಂಗಳು ಬರೆಯುವುದೇ ಇಲ್ಲ ಎನ್ನಲಾಗದು. ಆದರೆ ಗಿರಾಕಿ ಹಿಂದೆ ಸರಿದರೆ ಏನು ಎಂಬಲ್ಲಿಗೇ ಅದು ಸಾಮಾನ್ಯವಾಗಿ ಮುಗಿಯುತ್ತದೆ. ವೀಳ್ಯ ಎತ್ತಿಕೊಂಡವನಿಗೆ ಇದ್ದ ಕಟ್ಟು ಅದರಲ್ಲಿ ಇಲ್ಲ. ಎರಡೂ ಕಡೆಯವರನ್ನು ಕಟ್ಟುವ ಹಾಗೆ ಆ ಸಾಲನ್ನು ಬರೆದರೆ, ಕೇಡೆಂದೇ ನಾವು ಬಳಸುವ ಸಂಚಕಾರ ಎಂಬ ಮಾತು ತನ್ನ ಮೊದಲಿನ ಅರ್ಥದಲ್ಲಿ ಇನ್ನೊಮ್ಮೆ ಚಲಾವಣೆಗೆ ಬಂದೀತು.