‘ಪ್ಲಾಸ್ಟಿಕ್ ಮಾಲಿನ್ಯದಲ್ಲಿ ಭಾರತ ನಂಬರ್ ಒನ್’: ಸರ್ಕಾರದ ಲೆಕ್ಕದಲ್ಲಿ ನಿಮ್ಮೂರಿನ ಕಸ ಇದೆಯೇ?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಸದ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಪ್ಲಾಸ್ಟಿಕ್ ಮಾಲಿನ್ಯದಲ್ಲಿ ಭಾರತವೇ ಜಗತ್ತಿಗೆ ನಂಬರ್ ಒನ್ ಎನ್ನುತ್ತದೆ ಒಂದು. ಇನ್ನೊಂದು, ಇದೆಲ್ಲ ವಿದೇಶಿಯರ ಅಪಪ್ರಚಾರ, ನಮ್ಮಲ್ಲಿ ಶೇ 95ರಷ್ಟು ಕಸ ಸಂಗ್ರಹವಾಗುತ್ತಿದೆ ಎನ್ನುತ್ತದೆ. ಎರಡರಲ್ಲೂ ಇರುವ ಅಂಕಿಗಳಿಗೆ ಆಧಾರವಿದೆ. ಹಾಗಾದರೆ ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಇದನ್ನು ತಿಳಿಯಲು ನಾವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗವನ್ನೇ ಉದಾಹರಣೆಯಾಗಿ ತೆಗೆದುಕೊಂಡೆವು.

ನಂಬರ್ ಒನ್ ಎಂದವರು ಯಾರು?

ಈ ಮಾತು ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಿಂದ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮಾಡಿದ್ದಾರೆ. ಅವರ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 5.2 ಕೋಟಿ ಟನ್ ಪ್ಲಾಸ್ಟಿಕ್ ಪರಿಸರಕ್ಕೆ ಸೇರಿತು, ಅದರಲ್ಲಿ ಭಾರತದ ಪಾಲು 93 ಲಕ್ಷ ಟನ್. ಇದು ಕಂಪ್ಯೂಟರ್ ಮಾದರಿಯಿಂದ ಬಂದ ಅಂದಾಜು, ಯಾರೂ ತಕ್ಕಡಿಯಲ್ಲಿಟ್ಟು ತೂಗಿದ್ದಲ್ಲ. ನಮ್ಮದು ದೊಡ್ಡ ದೇಶವಾದ್ದರಿಂದ ಒಟ್ಟು ಮೊತ್ತವೂ ದೊಡ್ಡದು. ತಲೆಗೆ ಎಷ್ಟು ಎಂದು ನೋಡಿದರೆ ಭಾರತ ಮೊದಲ ನೂರು ದೇಶಗಳಲ್ಲೂ ಬರುವುದಿಲ್ಲ. ಫಾರ್ವರ್ಡ್ ಮಾಡುವವರು ಈ ಸಾಲನ್ನು ಬಿಟ್ಟುಬಿಡುತ್ತಾರೆ.

ಇನ್ನೊಂದು ಸಂಗತಿಯೂ ಬಿಟ್ಟುಹೋಗುತ್ತದೆ. ಸಂದೇಶದ ಜೊತೆ ಸಾಮಾನ್ಯವಾಗಿ ಸಮುದ್ರದಲ್ಲಿ ತೇಲುವ ಬಾಟಲಿಗಳ ಚಿತ್ರ ಇರುತ್ತದೆ. ಆದರೆ ಆ 93 ಲಕ್ಷ ಟನ್ನಿನಲ್ಲಿ ಸುಮಾರು 58 ಲಕ್ಷ ಟನ್ ಬಯಲಲ್ಲಿ ಸುಟ್ಟದ್ದು.

ಸರ್ಕಾರದ ಅಂಕಿ ಏನು ಹೇಳುತ್ತದೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ವರದಿಯಂತೆ ದೇಶದಲ್ಲಿ ವರ್ಷಕ್ಕೆ ಹುಟ್ಟುವ ಪ್ಲಾಸ್ಟಿಕ್ ಕಸವೇ ಸುಮಾರು 41 ಲಕ್ಷ ಟನ್. ಹುಟ್ಟಿದ್ದು 41, ಹೊರಗೆ ಚೆಲ್ಲಿದ್ದು 93! ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ನಮಗೂ ಮೊದಲು ಅನ್ನಿಸಿತ್ತು. ಆದರೆ ವ್ಯತ್ಯಾಸ ಇರುವುದು ಯಾರ ಕಸವನ್ನು ಎಣಿಸಿದ್ದಾರೆ ಎಂಬುದರಲ್ಲಿ.

ಅದೇ ವರ್ಷದ ಘನತ್ಯಾಜ್ಯ ವರದಿಯಲ್ಲಿ ದಿನಕ್ಕೆ 1,60,039 ಟನ್ ಕಸ ಹುಟ್ಟುತ್ತದೆ, 1,52,750 ಟನ್ ಸಂಗ್ರಹವಾಗುತ್ತದೆ ಎಂದಿದೆ. ಶೇ 95 ಎಂಬ ಹೆಮ್ಮೆಯ ಅಂಕಿ ಇಲ್ಲಿಯದು. ಅದೇ ಪಟ್ಟಿಯಲ್ಲಿ ಸ್ವಲ್ಪ ಮುಂದೆ ನೋಡಿ. ಸಂಸ್ಕರಣೆಯಾದದ್ದು 79,956 ಟನ್, ಭೂಭರ್ತಿಗೆ ಹೋದದ್ದು 29,427 ಟನ್. ಉಳಿದ 50,655 ಟನ್‌ಗೆ, ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿಗೆ, ಲೆಕ್ಕವೇ ಇಲ್ಲ. ಇದನ್ನು ಬರೆದದ್ದು ಮಂಡಳಿಯೇ, ವಿದೇಶಿಯರಲ್ಲ. ಗಾಡಿಗೆ ಹಾಕಿದ ಕಸವೆಲ್ಲ ಸರಿಯಾದ ಜಾಗಕ್ಕೆ ಹೋಯಿತು ಎಂದು ಅರ್ಥವಲ್ಲ.

ಈ ಅಂಕಿ ದೆಹಲಿಗೆ ಹೋಗುವ ದಾರಿ ಹೀಗಿತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಡಿ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಪ್ರತಿವರ್ಷ ಜೂನ್ 30ರೊಳಗೆ ನಮೂನೆ-4 ತುಂಬಿ ಕೊಡಬೇಕಿತ್ತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಎಲ್ಲವನ್ನೂ ಕೂಡಿಸಿ ಜುಲೈ 31ರೊಳಗೆ ಕೇಂದ್ರ ಮಂಡಳಿಗೆ ಕಳಿಸಬೇಕಿತ್ತು. ಕೇಂದ್ರ ಮಂಡಳಿ ಆಗಸ್ಟ್ 31ರೊಳಗೆ ದೇಶದ ವರದಿ ಸಿದ್ಧಪಡಿಸಬೇಕಿತ್ತು. ಕೆಳಗಿನ ಕಚೇರಿಯಲ್ಲಿ ಅಂದಾಜಿನ ಮೇಲೆ ಬರೆದ ಅಂಕಿ ಮೇಲೆ ಹೋಗುತ್ತಾ ‘ರಾಷ್ಟ್ರೀಯ ದತ್ತಾಂಶ’ವಾಗುತ್ತಿತ್ತು.

ಹಳ್ಳಿಗಳು ಎಲ್ಲಿ?

ಆ ನಿಯಮಗಳು ಮುಖ್ಯವಾಗಿ ನಗರ ಸ್ಥಳೀಯ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದವು. ನಿಪ್ಪಾಣಿ ನಗರಸಭೆಯ ಕಸಕ್ಕೆ ನಮೂನೆ-4 ಇತ್ತು, ಕೃಷ್ಣಾ ದಂಡೆಯ ಸಣ್ಣ ಹಳ್ಳಿಯ ಕಸಕ್ಕೆ ಇರಲಿಲ್ಲ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ನಾಲ್ವರಲ್ಲಿ ಮೂವರು ಹಳ್ಳಿಯವರು. ಅದೇ ಜನಗಣತಿಯ ಹೊತ್ತಿಗೆ ನಿಪ್ಪಾಣಿ, ಕಾಗವಾಡ ತಾಲ್ಲೂಕುಗಳೇ ಆಗಿರಲಿಲ್ಲ. ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು.

ಅಧಿಕೃತ ಲೆಕ್ಕದಲ್ಲಿ ಭಾರತೀಯನೊಬ್ಬನ ಕಸ ದಿನಕ್ಕೆ ಸುಮಾರು 120 ಗ್ರಾಂ, ಇದು ತೀರಾ ಕಡಿಮೆ ಎಂದು ಲೀಡ್ಸ್ ಸಂಶೋಧಕರು ಆಕ್ಷೇಪಿಸಿದ್ದಾರೆ. ನಾವೂ ಭಾಗಿಸಿ ನೋಡಿದೆವು. 1,60,039 ಟನ್ನನ್ನು 138 ಕೋಟಿ ಜನರಿಗೆ ಹಂಚಿದರೆ 116 ಗ್ರಾಂ ಬರುತ್ತದೆ. ಅಂದರೆ ಪೇಟೆಯ ಕಸವನ್ನು ಹಳ್ಳಿಯವರೂ ಸೇರಿದ ಇಡೀ ದೇಶದ ತಲೆಗೆ ಹಂಚಿದಂತಾಯಿತು. ಸಂಗ್ರಹವಾಗದೆ ಬೆಂಕಿಗೆ ಹೋದದ್ದು, ಗುಜರಿಯವರು ಹೆಕ್ಕಿ ಒಯ್ದದ್ದು ಕೂಡ ಈ ಲೆಕ್ಕದಿಂದ ಹೊರಗೆ ಎನ್ನುತ್ತದೆ ಅಧ್ಯಯನ.

ನಿಪ್ಪಾಣಿಯಲ್ಲಿ ಮನೆಯಲ್ಲೇ ಬೀಡಿ ಕಟ್ಟುವವರನ್ನು ನೆನೆಯಿರಿ. ಕತ್ತರಿಸಿ ಉಳಿದ ಎಲೆ ಚೂರು ಕಸದ ಗಾಡಿಗೆ ಬಿದ್ದರೆ ಎಣಿಕೆಗೆ ಬರುತ್ತದೆ, ಒಲೆಗೆ ಬಿದ್ದರೆ ಇಲ್ಲ. ರಾಯಬಾಗ, ಅಥಣಿ ಕಡೆಯ ಕಬ್ಬಿನ ಹೊಲದ ಬದುವಿನಲ್ಲಿ ಗೊಬ್ಬರದ ಚೀಲ, ಹರಿದ ಡ್ರಿಪ್ ಪೈಪನ್ನು ರವದಿಯ ಜೊತೆ ಸುಟ್ಟರೆ ಅದನ್ನು ಯಾವ ನಮೂನೆಯಲ್ಲೂ ಬರೆಯುವುದಿಲ್ಲ. ಆದರೆ ಹೊಗೆ ಮಾತ್ರ ಅಂಗಳಕ್ಕೆ ಬರುತ್ತದೆ. ಪ್ಲಾಸ್ಟಿಕ್ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳಿರುತ್ತವೆ. ಪಿವಿಸಿ ಉರಿದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ, ಅದು ಮೇವಿನ ಮೂಲಕ ಹಾಲಿಗೂ ಬರಬಲ್ಲದು.

‘ಕಸ ಸುಟ್ಟರೆ 5 ಸಾವಿರ ದಂಡ’ ಎಂಬ ಫಾರ್ವರ್ಡ್ ಬಗ್ಗೆ ಕೇಳುವವರಿದ್ದಾರೆ. ಅದಕ್ಕೆ ಆಧಾರವಿದೆ. 2016ರ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ಪರಿಹಾರ ವಸೂಲಿಗೆ ಆದೇಶಿಸಿತ್ತು. ಕರ್ನಾಟಕಕ್ಕೇ 2022ರ ಅಕ್ಟೋಬರ್‌ನಲ್ಲಿ ತ್ಯಾಜ್ಯ ನಿರ್ವಹಣೆಯ ಲೋಪಕ್ಕಾಗಿ 2,900 ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದೂ ಇದೇ ನ್ಯಾಯಮಂಡಳಿ.

ಹಳ್ಳಿಗಳಿಗೆ ಏನೂ ಇಲ್ಲ ಎನ್ನುವುದೂ ತಪ್ಪು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗ್ರಾಮ ಪಂಚಾಯಿತಿಗೂ ಹೊಣೆ ಹೊರಿಸಿವೆ. ಒಣ ಕಸಕ್ಕೆ ‘ಸ್ವಚ್ಛ ಸಂಕೀರ್ಣ’, ಅದನ್ನು ತರಲು ‘ಸ್ವಚ್ಛ ವಾಹಿನಿ’ ಗಾಡಿ ರಾಜ್ಯದ ಪಂಚಾಯಿತಿಗಳಲ್ಲಿ ಬಂದಿವೆ. ಗಾಡಿಗೆ ಕೊಟ್ಟ ಪ್ಲಾಸ್ಟಿಕ್ ತೂಕಕ್ಕೆ ಸಿಗುತ್ತದೆ, ಸುಟ್ಟದ್ದು ಸಿಗುವುದಿಲ್ಲ.

ನಿಮ್ಮ ಪೇಟೆಯ ಅಂಕಿ ನೋಡಬೇಕೆಂದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ನಗರಸಭೆ ಅಥವಾ ಪುರಸಭೆಯಿಂದ ಅದು ಹಿಂದೆ ಸಲ್ಲಿಸಿದ ನಮೂನೆ-4ರ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಕೈಗೆ ಬಂದಾಗ ‘ಸಂಗ್ರಹ’ದ ಅಂಕಿಗಷ್ಟೇ ನಿಲ್ಲಬೇಡಿ. ಅದರಿಂದ ಸಂಸ್ಕರಣೆ ಮತ್ತು ಭೂಭರ್ತಿಯ ಅಂಕಿಗಳನ್ನು ಕಳೆಯಿರಿ. ಏನಾದರೂ ಉಳಿದರೆ ಅದು ಎಲ್ಲಿಗೆ ಹೋಯಿತು ಎಂಬುದು ನಿಮ್ಮ ಎರಡನೇ ಅರ್ಜಿಯ ಪ್ರಶ್ನೆ.